ಕಡಿಮೆ ಓಡಿದ ಹಳೆಯ ಕಾರಿನ ನಿರ್ವಹಣೆ

ಕಡಿಮೆ ಓಡಿದ ಹಳೆಯ ಕಾರಿನ ನಿರ್ವಹಣೆ ಎಂದರೆ, ತಯಾರಾಗಿ ಹತ್ತು ಹದಿನೈದು ವರ್ಷಗಳು ಕಳೆದಿದ್ದರೂ ಅಲ್ಪ ದೂರವನ್ನಷ್ಟೇ ಕ್ರಮಿಸಿರುವ ಖಾಸಗಿ ಕಾರಿಗೆ ಯಾವ ಸರ್ವೀಸನ್ನು, ಯಾವಾಗ, ಎಷ್ಟರ ಮಟ್ಟಿಗೆ ಮಾಡಿಸಬೇಕೆಂದು ನಿರ್ಧರಿಸುವ ಕ್ರಮ. ಇಂತಹ ಕಾರುಗಳು ಸಾಮಾನ್ಯವಾಗಿ ನಿವೃತ್ತರ ಮನೆಗಳಲ್ಲಿ, ಮಕ್ಕಳು ಪರಊರಿನಲ್ಲಿರುವ ಮನೆಗಳಲ್ಲಿ ಹಾಗೂ ದಿನದ ಓಡಾಟಕ್ಕೆ ದ್ವಿಚಕ್ರ ವಾಹನವನ್ನೋ ಮೆಟ್ರೋವನ್ನೋ ನೆಚ್ಚಿಕೊಂಡ ನಗರವಾಸಿಗಳಲ್ಲಿ ಕಂಡುಬರುತ್ತವೆ. "ಗಾಡಿ ಓಡಿಯೇ ಇಲ್ಲ, ಸರ್ವೀಸ್ ಯಾಕೆ?" ಎಂಬುದು ಇವುಗಳ ಮಾಲೀಕರಲ್ಲಿ ಕೇಳಿಬರುವ ಮಾತು. ಓಡದ ಕಾರು ಸವೆಯುವುದಿಲ್ಲ ಎಂಬುದು ಅರ್ಧ ಸತ್ಯ. ಲೋಹದ ಭಾಗಗಳು ಬಹುಮಟ್ಟಿಗೆ ಓಟದಿಂದ ಸವೆಯುತ್ತವೆ; ರಬ್ಬರ್, ತೈಲ, ದ್ರವ ಮತ್ತು ಬ್ಯಾಟರಿಗಳು ಕಾಲದಿಂದ ಕೆಡುತ್ತವೆ.

ಎರಡು ಲೆಕ್ಕಗಳು

ಕಾರಿನೊಂದಿಗೆ ಬರುವ ಮಾಲೀಕರ ಕೈಪಿಡಿಯಲ್ಲಿ ಸರ್ವೀಸಿನ ಅವಧಿಯನ್ನು ಕಿಲೋಮೀಟರು ಮತ್ತು ತಿಂಗಳು ಎರಡರಲ್ಲಿಯೂ ನಮೂದಿಸಿ, "ಯಾವುದು ಮೊದಲೋ ಅದು" ಎಂದು ಸೂಚಿಸಿರುತ್ತಾರೆ. ಬಹಳ ಓಡುವ ಕಾರಿನಲ್ಲಿ ಕಿಲೋಮೀಟರು ಮೊದಲು ಬರುತ್ತದೆ. ಕಡಿಮೆ ಓಡುವ ಕಾರಿನಲ್ಲಿ ತಿಂಗಳು ಮೊದಲು ಬರುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. 2010ರಲ್ಲಿ ಕೊಂಡ ಕಾರೊಂದು 2025ರ ವೇಳೆಗೆ 27,000 ಕಿ.ಮೀ. ಓಡಿದೆ ಎನ್ನೋಣ. ಅಂದರೆ ವರ್ಷಕ್ಕೆ 1,800 ಕಿ.ಮೀ., ತಿಂಗಳಿಗೆ 150 ಕಿ.ಮೀ., ದಿನಕ್ಕೆ ಸರಾಸರಿ 5 ಕಿ.ಮೀ. ಸರ್ವೀಸಿನ ಅವಧಿ 10,000 ಕಿ.ಮೀ. ಅಥವಾ ಒಂದು ವರ್ಷ ಎಂದಿದ್ದರೆ, ದೂರವನ್ನು ಮಾತ್ರ ನೋಡುವ ಮಾಲೀಕನು ಹದಿನೈದು ವರ್ಷಗಳಲ್ಲಿ ಎರಡು ಬಾರಿ ಎಂಜಿನ್ ಆಯಿಲ್ ಬದಲಿಸಿರುತ್ತಾನೆ. ಕಾಲವನ್ನು ನೋಡುವವನು ಹದಿನೈದು ಬಾರಿ ಬದಲಿಸಿರುತ್ತಾನೆ. ಈ ಎರಡು ಕಾರುಗಳ ಓಡೋಮೀಟರಿನಲ್ಲಿ ಒಂದೇ ಅಂಕಿ ಇದ್ದರೂ ಎಂಜಿನ್ನಿನ ಒಳಗಿನ ಸ್ಥಿತಿ ಒಂದೇ ಆಗಿರುವುದಿಲ್ಲ.

ಕೈಪಿಡಿಯಲ್ಲಿ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಇನ್ನೊಂದು ಪುಟವಿದೆ. ಬಹುತೇಕ ತಯಾರಕರು ಸಾಮಾನ್ಯ ಬಳಕೆಗೆ ಒಂದು, ಕಠಿಣ ಬಳಕೆಗೆ ಇನ್ನೊಂದು ಎಂದು ಎರಡು ವೇಳಾಪಟ್ಟಿಗಳನ್ನು ಕೊಟ್ಟಿರುತ್ತಾರೆ. ಕಠಿಣ ಬಳಕೆ ಎಂದೊಡನೆ ಬೆಟ್ಟ ಹತ್ತುವುದು, ಭಾರ ಹೊರುವುದು ನೆನಪಾಗುತ್ತದೆ. ಆದರೆ ಪದೇ ಪದೇ ಅಲ್ಪ ದೂರ ಓಡಿಸುವುದೂ, ಧೂಳಿನ ರಸ್ತೆಯೂ, ನಿಂತು ನಿಂತು ಸಾಗುವ ಸಂಚಾರವೂ ಅದೇ ಪಟ್ಟಿಯಲ್ಲಿರುತ್ತವೆ. ಮನೆಯಿಂದ ದೇವಸ್ಥಾನಕ್ಕೆ, ಅಲ್ಲಿಂದ ತರಕಾರಿ ಅಂಗಡಿಗೆ ಹೋಗಿಬರುವ ಕಾರು ತನ್ನ ಒಡೆಯನ ಕಣ್ಣಿಗೆ ಸುಖವಾಗಿ ಬದುಕಿದ ಕಾರು. ಕೈಪಿಡಿಯ ಕಣ್ಣಿಗೆ ಕಠಿಣವಾಗಿ ದುಡಿದ ಕಾರು.

ಎಂಜಿನ್ ಆಯಿಲ್

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಉಂಟಾಗುತ್ತದೆ. ಇದರಲ್ಲಿ ಬಹುಪಾಲು ಸೈಲೆನ್ಸರಿನ ಮೂಲಕ ಹೊರಹೋಗುತ್ತದೆ. ಅಲ್ಪಭಾಗ ಪಿಸ್ಟನ್ ಉಂಗುರಗಳ ಸಂದಿನಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಅದರೊಡನೆ ಉರಿಯದ ಪೆಟ್ರೋಲೂ ಆಮ್ಲೀಯ ವಸ್ತುಗಳೂ ಸೇರುತ್ತವೆ. ಎಂಜಿನ್ ಪೂರ್ಣವಾಗಿ ಬಿಸಿಯಾದರೆ ಈ ನೀರು ಆವಿಯಾಗಿ ಹೋಗುತ್ತದೆ. ಆದರೆ ಆಯಿಲ್ ಬಿಸಿಯಾಗಲು ಕೂಲಂಟ್ ಬಿಸಿಯಾಗುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಉಷ್ಣತೆಯ ಮುಳ್ಳು ನಡುವಿಗೆ ಬಂದ ಮಾತ್ರಕ್ಕೆ ಆಯಿಲ್ ಸಹ ಬಿಸಿಯಾಗಿದೆ ಎಂದು ತಿಳಿಯಬಾರದು. ಎರಡು ಮೂರು ಕಿಲೋಮೀಟರಿನ ಓಟದಲ್ಲಿ ನೀರು ಆಯಿಲ್‌ನಲ್ಲಿಯೇ ಉಳಿದು, ಕಾಲಕ್ರಮದಲ್ಲಿ ಕೆಸರಿನಂತಾಗುತ್ತದೆ. ಆಯಿಲ್ ತುಂಬುವ ಮುಚ್ಚಳವನ್ನು ತೆರೆದಾಗ ಒಳಬದಿಯಲ್ಲಿ ಹಾಲುಬೆರೆಸಿದ ಕಾಫಿಯ ಬಣ್ಣದ ಲೇಪ ಕಂಡರೆ ಅದು ಹೆಚ್ಚಾಗಿ ಇದರ ಗುರುತು. ಕೂಲಂಟಿನ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಸೋರುತ್ತಿರಬಹುದೆಂದು ಶಂಕಿಸಬೇಕಾಗುತ್ತದೆ.

ಆದುದರಿಂದ ಎಷ್ಟೇ ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಆಯಿಲ್ ಮತ್ತು ಆಯಿಲ್ ಫಿಲ್ಟರನ್ನು ಬದಲಿಸುವುದು ಸೂಕ್ತ. ಸಣ್ಣ ಕಾರಿಗೆ ಮೂರು ಲೀಟರಿನ ಆಸುಪಾಸು ಆಯಿಲ್ ಸಾಕಾಗುವುದರಿಂದ ಇದು ದೊಡ್ಡ ಖರ್ಚಲ್ಲ. ಹಳೆಯ ಕಾರಿಗೆ ದಪ್ಪ ಆಯಿಲ್ ಹಾಕಬೇಕೆಂಬ ಸಲಹೆ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಒಂದೆರಡು ಲಕ್ಷ ಕಿಲೋಮೀಟರ್ ಓಡಿ ಸವೆದ ಎಂಜಿನ್ನಿನ ಮಾತು ಬೇರೆ. 27,000 ಕಿ.ಮೀ. ಓಡಿದ ಎಂಜಿನ್ನಿನಲ್ಲಿ ಸವೆತ ಅತ್ಯಲ್ಪವಾಗಿರುವುದರಿಂದ ಕೈಪಿಡಿ ಹೇಳಿದ ದರ್ಜೆಯ ಆಯಿಲ್ಲೇ ಸರಿ.

ಬ್ರೇಕ್ ದ್ರವ

ಮುಂದೂಡಲೇಬಾರದ ಒಂದು ಕೆಲಸ ಯಾವುದೆಂದು ಕೇಳಿದರೆ ಬ್ರೇಕ್ ದ್ರವದ ಬದಲಾವಣೆಯನ್ನೇ ಹೇಳಬೇಕು. ಬಹುತೇಕ ಮಾಲೀಕರು ಮರೆಯುವ ಕೆಲಸವೂ ಇದೇ.

ಕಾರುಗಳಲ್ಲಿ ಬಳಸುವ ಡಾಟ್ 3 ಮತ್ತು ಡಾಟ್ 4 ದರ್ಜೆಯ ದ್ರವಗಳು ಗ್ಲೈಕಾಲ್ ವರ್ಗಕ್ಕೆ ಸೇರಿದವು. ಇವು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಕಾರು ಓಡಲಿ, ನಿಲ್ಲಲಿ, ರಬ್ಬರ್ ಕೊಳವೆಗಳ ಮೂಲಕವೂ ಡಬ್ಬಿಯ ಮುಚ್ಚಳದ ಮೂಲಕವೂ ತೇವ ಒಳಸೇರುತ್ತಲೇ ಇರುತ್ತದೆ. ಡಾಟ್ 3 ದ್ರವ ಹೊಸದಾಗಿದ್ದಾಗ ಅದರ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಮಾನದಂಡ; ಶೇ. 3.7ರಷ್ಟು ನೀರು ಸೇರಿದ ಸ್ಥಿತಿಯಲ್ಲಿ ಅದು 140 ಡಿಗ್ರಿಗೆ ಇಳಿಯಬಹುದು. ಡಾಟ್ 4ರಲ್ಲಿ ಈ ಅಂಕಿಗಳು ಕ್ರಮವಾಗಿ 230 ಮತ್ತು 155.

ಊರೊಳಗೆ ಓಡಾಡುವಾಗ ಈ ವ್ಯತ್ಯಾಸ ತಿಳಿಯುವುದಿಲ್ಲ. ವರ್ಷವಿಡೀ ಮನೆಯಲ್ಲಿದ್ದ ಕಾರನ್ನು ಬೇಸಿಗೆ ರಜೆಯಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಧರ್ಮಸ್ಥಳಕ್ಕೋ ಉಡುಪಿಗೋ ಹೊರಡಿಸಿ, ಚಾರ್ಮಾಡಿ ಅಥವಾ ಆಗುಂಬೆ ಘಾಟಿಯನ್ನು ಇಳಿಯುವಾಗ ತಿಳಿಯುತ್ತದೆ. ತಿರುವು ತಿರುವಿಗೂ ಬ್ರೇಕ್ ಒತ್ತಿದಾಗ ಬಿಸಿಯೇರಿ, ದ್ರವದಲ್ಲಿರುವ ನೀರು ಕುದಿದು ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ಆದುದರಿಂದ ಪೆಡಲ್ ತಳದವರೆಗೆ ಇಳಿದರೂ ಬ್ರೇಕ್ ಹಿಡಿಯುವುದಿಲ್ಲ. ಬ್ರೇಕ್ ಪ್ಯಾಡುಗಳು ಹೊಸದರಂತಿದ್ದರೂ ಹೀಗಾಗುತ್ತದೆ ಎಂಬುದೇ ಇಲ್ಲಿನ ಅಪಾಯ. ಘಾಟಿಯನ್ನು ಕೆಳಗಿನ ಗೇರಿನಲ್ಲಿ ಇಳಿಯಬೇಕೆಂಬ ಚಾಲಕರ ಹಳೆಯ ಪಾಠ ಇದಕ್ಕೂ ರಕ್ಷೆಯೇ.

ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿಯಾಗಿ ಬದಲಿಸುವಂತೆ ಸಲಹೆಯಿದೆ. ಕರಾವಳಿಯ ತೇವದ ಹವೆಯಲ್ಲಿ ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು. ಮೇಲಿನಿಂದ ಸ್ವಲ್ಪ ಹೊಸ ದ್ರವ ಸುರಿದು ಮಟ್ಟ ಸರಿಪಡಿಸುವುದು ಬದಲಾವಣೆಯಲ್ಲ. ಹಾಗೆಯೇ, ಸದಾ ನಿಂತಿರುವ ಕಾರಿನ ಬ್ರೇಕ್ ಡಿಸ್ಕುಗಳಿಗೆ ತುಕ್ಕು ಹಿಡಿಯುತ್ತದೆ, ಕ್ಯಾಲಿಪರಿನ ಜಾರುಕಡ್ಡಿಗಳು ಬಿಗಿಯುತ್ತವೆ, ಎಳೆದುಬಿಟ್ಟ ಕೈಬ್ರೇಕ್ ಅಂಟಿಕೊಳ್ಳುತ್ತದೆ. ದೀರ್ಘಕಾಲ ನಿಲ್ಲಿಸುವಾಗ ಕೈಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು, ಚಕ್ರಗಳಿಗೆ ಅಡ್ಡಗಟ್ಟೆ ಕೊಡುವುದು ರೂಢಿ.

ಟೈರುಗಳು

ಟೈರಿನ ಪಕ್ಕದ ಗೋಡೆಯಲ್ಲಿ ಡಾಟ್ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತದ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರವನ್ನೂ ಮುಂದಿನ ಎರಡು ವರ್ಷವನ್ನೂ ಸೂಚಿಸುತ್ತವೆ: 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ತಯಾರಾದ ಟೈರು. ಈ ಅಂಕಿ ಕೆಲವೊಮ್ಮೆ ಒಳಮುಖದ ಗೋಡೆಯಲ್ಲಿ ಮಾತ್ರ ಇರುವುದರಿಂದ ಬಗ್ಗಿ ನೋಡಬೇಕಾಗುತ್ತದೆ.

ಕಡಿಮೆ ಓಡಿದ ಕಾರಿನ ಟೈರು ನೋಡಲು ಚೆನ್ನಾಗಿಯೇ ಇರುತ್ತದೆ. ಗೆರೆಗಳ ಆಳ ಕಾನೂನು ವಿಧಿಸುವ 1.6 ಮಿ.ಮೀ.ಗಿಂತ ಎಷ್ಟೋ ಹೆಚ್ಚಿರುತ್ತದೆ. ಆದರೆ ಬಿಸಿಲು, ಓಜೋನ್ ಹಾಗೂ ಆಮ್ಲಜನಕಗಳಿಂದ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ. ಟೈರಿನ ರಬ್ಬರಿನಲ್ಲಿ ಸೇರಿಸಿರುವ ರಕ್ಷಕ ವಸ್ತುಗಳು ಟೈರು ಉರುಳಿ ಬಾಗುತ್ತಿರುವಾಗ ಮೇಲ್ಮೈಗೆ ಚೆನ್ನಾಗಿ ಬರುತ್ತವೆ. ನಿಂತ ಟೈರಿಗೆ ಆ ಭಾಗ್ಯವಿಲ್ಲ. ಐದು ವರ್ಷಗಳಾದ ಬಳಿಕ ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಬೇಕು, ತಯಾರಾಗಿ ಹತ್ತು ವರ್ಷಗಳಾದರೆ ಗೆರೆ ಉಳಿದಿದ್ದರೂ ತೆಗೆಯಬೇಕು ಎಂದು ಟೈರ್ ತಯಾರಕರು ಸಲಹೆ ಮಾಡುತ್ತಾರೆ; ಕೆಲವು ವಾಹನ ತಯಾರಕರು ಆರು ವರ್ಷವನ್ನೇ ಮಿತಿಯಾಗಿ ಹೇಳುವುದುಂಟು. ಡಿಕ್ಕಿಯಲ್ಲಿ ಒಮ್ಮೆಯೂ ನೆಲ ಮುಟ್ಟದೆ ಮಲಗಿರುವ ಸ್ಟೆಪ್ನಿಗೂ ಇದೇ ನಿಯಮ.

ಟೈಮಿಂಗ್ ಬೆಲ್ಟ್

ಎಂಜಿನ್ನಿನೊಳಗೆ ಕವಾಟಗಳು ತೆರೆದು ಮುಚ್ಚುವ ಕಾಲವನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುವ ಕೆಲಸವನ್ನು ಕೆಲವು ಕಾರುಗಳಲ್ಲಿ ರಬ್ಬರ್ ಬೆಲ್ಟ್, ಕೆಲವುಗಳಲ್ಲಿ ಲೋಹದ ಸರಪಳಿ ನಿರ್ವಹಿಸುತ್ತದೆ. ಮಾರುತಿ 800 ಮತ್ತು ಹುಂಡೈ ಸ್ಯಾಂಟ್ರೋ ಜಿಂಗ್ ಬೆಲ್ಟಿನ ಕಾರುಗಳು. ಆಲ್ಟೊ ಕೆ10 ಸರಪಳಿಯದು. ಬೆಲ್ಟನ್ನು ಬದಲಿಸುವ ಅವಧಿ ಸಾಮಾನ್ಯವಾಗಿ 60,000 ಕಿ.ಮೀ. ಅಥವಾ ಅದಕ್ಕೂ ಹೆಚ್ಚು ಎಂದಿರುವುದರಿಂದ, ವರ್ಷಕ್ಕೆ 1,800 ಕಿ.ಮೀ. ಓಡುವ ಕಾರಿನ ಒಡೆಯನಿಗೆ ಆ ದಿನ ಮೂವತ್ತು ವರ್ಷ ದೂರದಲ್ಲಿರುವಂತೆ ತೋರುತ್ತದೆ. ಅಷ್ಟು ಕಾಲ ರಬ್ಬರ್ ಬಾಳುವುದಿಲ್ಲ. ಓಡುವಾಗ ಬೆಲ್ಟ್ ತುಂಡಾದರೆ ಎಂಜಿನ್ ಅಲ್ಲಿಯೇ ನಿಲ್ಲುತ್ತದೆ. ಕೆಲವು ವಿನ್ಯಾಸಗಳಲ್ಲಿ ಪಿಸ್ಟನ್ ಕವಾಟಗಳಿಗೆ ಬಡಿದು, ಕಾರಿನ ಬೆಲೆಯನ್ನೇ ಮೀರಿಸುವ ದುರಸ್ತಿಗೆ ದಾರಿಯಾಗುತ್ತದೆ. ಬೆಲ್ಟನ್ನು ಎಂದು ಬದಲಿಸಲಾಯಿತೆಂಬ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಭಾವಿಸುವುದು ಕ್ಷೇಮ. ಹೊರಗಿನ ಫ್ಯಾನ್ ಬೆಲ್ಟಿನ ಬಿರುಕುಗಳನ್ನು ಕಣ್ಣಿನಿಂದಲೇ ನೋಡಿ ತೀರ್ಮಾನಿಸಬಹುದು.

ಇಂಧನ, ಬ್ಯಾಟರಿ, ಕೂಲಂಟ್

ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಉಳಿದ ಪೆಟ್ರೋಲ್ ಹಳಸುತ್ತದೆ; ಹಗುರ ಅಂಶಗಳು ಆವಿಯಾಗಿ, ಉಳಿದದ್ದು ಅಂಟಿನಂತಾಗುತ್ತದೆ. ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಭಾರತದಲ್ಲಿ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಎಥನಾಲ್ ಸಹ ನೀರನ್ನು ಹೀರುವ ವಸ್ತು. ಈ ಮಿಶ್ರಣವನ್ನು ಗಮನದಲ್ಲಿಟ್ಟುಕೊಳ್ಳದೆ ತಯಾರಾದ ಹಳೆಯ ಕಾರುಗಳಲ್ಲಿ ಇಂಧನದ ರಬ್ಬರ್ ಕೊಳವೆಗಳನ್ನೂ ಸೀಲುಗಳನ್ನೂ ಪ್ರತಿ ಸರ್ವೀಸಿನಲ್ಲಿ ಪರೀಕ್ಷಿಸಬೇಕು. ಪೆಟ್ರೋಲಿನ ವಾಸನೆ ಬಂದರೆ ಸರ್ವೀಸಿನ ದಿನದವರೆಗೆ ಕಾಯುವಂತಿಲ್ಲ.

ಪೂರ್ಣವಾಗಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.4ಕ್ಕಿಂತ ಕೆಳಗೆ ಬಹಳ ದಿನ ಉಳಿದರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಬೆಳಿಗ್ಗೆ ಕಾರನ್ನು ಪೋರ್ಟಿಕೋದಲ್ಲಿಯೇ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸುವ ಅಭ್ಯಾಸ ಹಲವರಲ್ಲಿದೆ. ಉದ್ದೇಶ ಒಳ್ಳೆಯದು, ಫಲ ಕೆಟ್ಟದ್ದು. ಸ್ಟಾರ್ಟ್ ಮಾಡಲು ವ್ಯಯವಾದ ವಿದ್ಯುತ್ತೂ ಮರಳಿ ತುಂಬುವುದಿಲ್ಲ, ಆಯಿಲ್ ಸಹ ಬಿಸಿಯಾಗುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಅದರ ಬದಲು ವಾರಕ್ಕೊಮ್ಮೆ ಅರ್ಧ ಗಂಟೆ ಹೊರರಸ್ತೆಯಲ್ಲಿ ಓಡಿಸುವುದು ಮೇಲು. ಆಗ ಹವಾನಿಯಂತ್ರಕವನ್ನೂ ಕೆಲ ನಿಮಿಷ ಹಾಕಿದರೆ ಕಂಪ್ರೆಸರಿನ ಸೀಲುಗಳು ಒಣಗುವುದಿಲ್ಲ.

ಕೂಲಂಟಿನಲ್ಲಿರುವ ತುಕ್ಕುನಿರೋಧಕಗಳು ಕಾಲಕ್ರಮದಲ್ಲಿ ಸತ್ವ ಕಳೆದುಕೊಳ್ಳುತ್ತವೆ. ಕೈಪಿಡಿ ಹೇಳಿದ ಅವಧಿಗೆ ಬದಲಿಸಬೇಕು. ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಹಾಕಬಾರದು.

ನಿಂತ ಕಾರಿನ ಇತರ ಶತ್ರುಗಳು

ಇಲಿಗಳು ಎಂಜಿನ್ ಕೋಣೆಯಲ್ಲಿ ಗೂಡು ಕಟ್ಟಿ ವೈರುಗಳನ್ನು ಕಡಿಯುವುದು ನಮ್ಮಲ್ಲಿ ಸಾಮಾನ್ಯ. ಏರ್ ಫಿಲ್ಟರಿನ ಪೆಟ್ಟಿಗೆಯನ್ನು ದೂರದ ಲೆಕ್ಕದಿಂದಲ್ಲದಿದ್ದರೂ ಈ ಕಾರಣಕ್ಕಾಗಿ ತೆರೆದು ನೋಡಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಮುಂಗಾಜಿನ ಬುಡದ ನೀರುಗಾಲುವೆಯಲ್ಲಿ ಎಲೆ ತುಂಬಿ, ಮಳೆಗಾಲದಲ್ಲಿ ನೀರು ಒಳಕ್ಕೆ ಇಳಿಯುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿಯಿಂದ ಕೆಳಮೈಗೆ ತುಕ್ಕು.

ಖರ್ಚನ್ನು ನಿರ್ಧರಿಸುವುದು

ಇಷ್ಟನ್ನೆಲ್ಲ ಓದಿ ಎಲ್ಲವನ್ನೂ ಒಂದೇ ದಿನ ಬದಲಿಸಬೇಕಾಗಿಲ್ಲ. ಮಾರಿದರೆ ಲಕ್ಷ ರೂಪಾಯಿಯೂ ಬಾರದ ಕಾರಿಗೆ ಅದರ ಅರ್ಧದಷ್ಟು ಖರ್ಚು ಮಾಡಲು ನಿವೃತ್ತಿ ವೇತನದವರು ಹಿಂಜರಿಯುವುದು ಸಹಜ. ಮೊದಲು ಕೈಪಿಡಿಯನ್ನೂ ಹಳೆಯ ಬಿಲ್ಲುಗಳನ್ನೂ ಹುಡುಕಿ, ಪ್ರತಿ ಭಾಗವನ್ನು ಕೊನೆಯ ಬಾರಿ ಬದಲಿಸಿದ ದಿನಾಂಕ ಬರೆದುಕೊಳ್ಳಬೇಕು. ಕೆಟ್ಟರೆ ಜೀವಕ್ಕೆ ಅಪಾಯ ತರುವ ಬ್ರೇಕ್, ಟೈರು, ಸ್ಟಿಯರಿಂಗ್ ಮತ್ತು ಇಂಧನದ ಕೊಳವೆಗಳಿಗೆ ಮೊದಲ ಹಣ. ಕೆಟ್ಟರೆ ಎಂಜಿನ್ನನ್ನೇ ಕೆಡಿಸುವ ಆಯಿಲ್, ಕೂಲಂಟ್, ಟೈಮಿಂಗ್ ಬೆಲ್ಟುಗಳಿಗೆ ನಂತರದ ಹಣ. ಸ್ಪಾರ್ಕ್ ಪ್ಲಗ್, ಕ್ಲಚ್, ಬ್ರೇಕ್ ಪ್ಯಾಡುಗಳು ಮುಖ್ಯವಾಗಿ ಓಟದಿಂದ ಸವೆಯುವವು. ಪರೀಕ್ಷಿಸಿ, ಚೆನ್ನಾಗಿದ್ದರೆ ಹಾಗೆಯೇ ಬಿಡಬಹುದು. ಲಕ್ಷಣವೇ ಇಲ್ಲದಿರುವಾಗ ಇಂಜೆಕ್ಟರ್ ಶುದ್ಧೀಕರಣ, ಇಂಗಾಲ ತೆಗೆಯುವಿಕೆ, ಎಂಜಿನ್ ಫ್ಲಶ್ ಮೊದಲಾದವುಗಳನ್ನು ಬಿಲ್ಲಿಗೆ ಸೇರಿಸಿದರೆ ಕಾರಣ ಕೇಳುವ ಹಕ್ಕು ಮಾಲೀಕನಿಗಿದೆ. ತೆಗೆದ ಹಳೆಯ ಭಾಗಗಳನ್ನು ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ನೋಂದಣಿಯ ನವೀಕರಣ

ಭಾರತದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಊರ್ಜಿತವಾಗಿರುತ್ತದೆ. ಬಳಿಕ ವಾಹನವನ್ನು ತಪಾಸಣೆಗೆ ಒಪ್ಪಿಸಿ, ಪ್ರತಿ ಬಾರಿ 5 ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಇಲ್ಲಿಯೂ ಲೆಕ್ಕಕ್ಕೆ ಬರುವುದು ನೋಂದಣಿಯ ದಿನಾಂಕವೇ ಹೊರತು ಓಡಿದ ದೂರವಲ್ಲ. ಬ್ರೇಕ್, ದೀಪ, ಟೈರು ಮತ್ತು ಹೊಗೆಯ ಪ್ರಮಾಣಗಳನ್ನು ಪರಿಶೀಲಿಸುವುದರಿಂದ, ಮೇಲೆ ಹೇಳಿದ ಕೆಲಸಗಳನ್ನು ತಪಾಸಣೆಗೆ ಒಂದೆರಡು ತಿಂಗಳ ಮೊದಲೇ ಮುಗಿಸಿಕೊಂಡರೆ ಸಾರಿಗೆ ಕಚೇರಿಗೆ ಎರಡನೆಯ ಬಾರಿ ಅಲೆಯುವುದು ತಪ್ಪುತ್ತದೆ.