ಬೇಸಗೆಯೂ ಮನೆಯ ವಿದ್ಯುದುಪಕರಣಗಳೂ

ನಮ್ಮ ರಾಯಚೂರಿನ ಬೇಸಗೆಯನ್ನು ಕುರಿತು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಕೃಷ್ಣೆ ತುಂಗಭದ್ರೆಯರ ನಡುವೆ ಇದ್ದೂ ನೀರಿಗಿಂತ ಬಿಸಿಲಿಗೇ ಹೆಸರಾದ ಸೀಮೆಯಿದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾಪಕವು 40 ಡಿಗ್ರಿಯನ್ನು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮನುಷ್ಯನಾದವನು ಗಡಿಗೆಯ ನೀರು ಕುಡಿದು, ಬೇವಿನ ಮರದ ನೆರಳು ಹುಡುಕಿ, ಮಧ್ಯಾಹ್ನ ಒಂದು ತಾಸು ಅಡ್ಡಾಗಿ ಹೇಗೋ ದಿನ ಕಳೆಯುತ್ತಾನೆ. ಆದರೆ ಮೂಲೆಯಲ್ಲಿ ಕುಳಿತು ಹಗಲಿರುಳೂ ದುಡಿಯುವ ಟೆಲಿವಿಷನ್ನು, ಅದರ ಕೆಳಗಿನ ಸೆಟ್‌ಟಾಪ್ ಬಾಕ್ಸು, ಗೋಡೆಯ ಮೇಲಿನ ವೈಫೈ ರೂಟರು, ತಮ್ಮತಂಗಿಯರ ಪಾಠಕ್ಕೆಂದು ಕಂತಿನ ಮೇಲೆ ತಂದ ಲ್ಯಾಪ್‌ಟಾಪು, ಇವುಗಳ ಗತಿಯೇನು? ಇವಕ್ಕೆ ಬೆವರು ಬರುವುದಿಲ್ಲ. ನೆರಳಿಗೆ ಎದ್ದು ಹೋಗಲು ಕಾಲುಗಳೂ ಇಲ್ಲ.

ನಾನು ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿ. ಭೌತವಿಜ್ಞಾನದ ವಿಷಯವನ್ನು ನಾನು ಬರೆಯಹೊರಟಿರುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ನನ್ನ ಕಾಕಾ ಅವರದೊಂದು ರಿಪೇರಿ ಅಂಗಡಿಯಿದೆ. ಮೂರು ವರ್ಷಗಳಿಂದ ಸಂಜೆಯ ಹೊತ್ತು ಅಲ್ಲಿ ಕುಳಿತು ಲೆಕ್ಕ ಬರೆಯುತ್ತೇನೆ, ಸ್ಕ್ರೂ ಬಿಚ್ಚುತ್ತೇನೆ. ಯುಗಾದಿ ಕಳೆಯಿತೆಂದರೆ ಅಂಗಡಿಯ ಮುಂದೆ ಗಿರಾಕಿಗಳ ಸಾಲು ಬೆಳೆಯುತ್ತದೆ. ಬಂದ ಪೆಟ್ಟಿಗೆಗಳಲ್ಲಿ ಹಲವಕ್ಕೆ ಬೇರೆ ಯಾವ ರೋಗವೂ ಇರುವುದಿಲ್ಲ. ಉಷ್ಣವೊಂದೇ ಅವುಗಳ ರೋಗ. ಅಲ್ಲಿ ಕಂಡುದನ್ನೂ, ಕಂಡುದರ ಕಾರಣ ತಿಳಿಯಲು ಓದಿದುದನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಮೂಲ ಸಂಗತಿ. ಉಪಕರಣದೊಳಗೆ ಹೋದ ವಿದ್ಯುಚ್ಛಕ್ತಿಯೆಲ್ಲ ಕಡೆಗೆ ಉಷ್ಣವಾಗಿಯೇ ಹೊರಬರಬೇಕು. ಟೆಲಿವಿಷನ್ನಿನಿಂದ ಕೊಂಚ ಬೆಳಕು, ಕೊಂಚ ಶಬ್ದ ಹೊರಬೀಳುವುದು ನಿಜ. ಅವೂ ಕೋಣೆಯ ಗೋಡೆಗೆ ತಾಗಿ ಉಷ್ಣವೇ ಆಗುತ್ತವೆ. 10 ವ್ಯಾಟಿನ ರೂಟರೆಂದರೆ ಹಗಲೂ ರಾತ್ರಿ ಆರದೆ ಇರುವ 10 ವ್ಯಾಟಿನ ಪುಟ್ಟ ಒಲೆಯೆಂದೇ ತಿಳಿಯಿರಿ. ಇದರಲ್ಲಿ ಯಂತ್ರದ ದೋಷವೇನೂ ಇಲ್ಲ, ಅದು ಪ್ರಕೃತಿಯ ನಿಯಮ. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾದ ವಿದ್ಯುತ್ ಕೇಂದ್ರವನ್ನೇ ನೋಡಿ: ಅಲ್ಲಿ ಸುಡುವ ಕಲ್ಲಿದ್ದಲಿನ ಉಷ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಿದ್ಯುತ್ತಾಗದೆ ಹೊರಹೋಗುತ್ತದೆ, ಅದನ್ನು ಕೊಂಡೊಯ್ಯಲು ಕೃಷ್ಣೆಯ ನೀರು ಬೇಕು. ಉಳಿದುದು ತಂತಿಯೇರಿ ಬಂದು ನಮ್ಮ ಮನೆಯಲ್ಲಿ ಉಷ್ಣವಾಗುತ್ತದೆ.

ಇತಿಹಾಸದ ವಿದ್ಯಾರ್ಥಿಯಾದುದರಿಂದ ಹಿಂದಿನ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. 1946ರಲ್ಲಿ ಅಮೆರಿಕೆಯಲ್ಲಿ ಲೋಕದ ಮುಂದೆ ಬಂದ ಎನಿಯಾಕ್ ಎಂಬ ಗಣಕದಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಅದು ನುಂಗುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟು. ಅಷ್ಟನ್ನೂ ಹೊರಹಾಕಲು ದೊಡ್ಡ ದೊಡ್ಡ ಗಾಳಿಯಂತ್ರಗಳನ್ನು ಹೂಡಬೇಕಾಯಿತು. ಮರುವರ್ಷ, 1947ರ ಡಿಸೆಂಬರಿನಲ್ಲಿ, ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ವಾಲ್ವಿನಂತೆ ಅದನ್ನು ಕೆಂಪಗೆ ಕಾಯಿಸಬೇಕಾಗಿರಲಿಲ್ಲವಾದುದರಿಂದ ಇನ್ನು ಉಷ್ಣದ ಕಾಟ ತಪ್ಪಿತೆಂದು ಯಾರಾದರೂ ಭಾವಿಸಬಹುದಿತ್ತು. ಆದುದು ಬೇರೆ. ಇಂದು ಉಗುರಿನಗಲದ ಸಿಲಿಕಾನ್ ಚೂರಿನಲ್ಲಿ ಕೋಟಿ ಕೋಟಿ ಟ್ರಾನ್ಸಿಸ್ಟರುಗಳನ್ನು ಒತ್ತಿ ಕೂರಿಸಿದ್ದಾರೆ. ಒಂದೊಂದರ ಉಷ್ಣ ಅತ್ಯಲ್ಪವಾದರೂ ಅದು ಹೊರಹೋಗುವ ಬಾಗಿಲು ಬಹಳ ಕಿರಿದು. ಲ್ಯಾಪ್‌ಟಾಪಿನ ಮುಖ್ಯ ಚಿಪ್ಪು ಸುಮಾರು 100 ಡಿಗ್ರಿ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಯಂತ್ರ ಜಡವಾಗಿ, ರಾತ್ರಿ ಹತ್ತಕ್ಕೆ ಮತ್ತೆ ಚುರುಕಾದರೆ ಅದನ್ನು ಮಾರಿಬಿಡುವ ಆತುರ ಬೇಡ.

ಚಿಪ್ಪಿಗೆ ಹೀಗೆ ಆತ್ಮರಕ್ಷಣೆಯ ಉಪಾಯ ಉಂಟು. ಅದಿಲ್ಲದ ಬಡಪಾಯಿಯೊಂದು ಪಕ್ಕದಲ್ಲಿಯೇ ಇರುತ್ತದೆ. ಅಂಗಡಿಗಳಲ್ಲಿ ಅದನ್ನು ಕಂಡೆನ್ಸರ್ ಎನ್ನುತ್ತಾರೆ, ಪುಸ್ತಕಗಳಲ್ಲಿ ಕೆಪಾಸಿಟರ್. ಅಲ್ಯುಮಿನಿಯಂನ ಕಿರುಡಬ್ಬಿ, ಒಳಗೆ ರಾಸಾಯನಿಕ ದ್ರವದಲ್ಲಿ ನೆನೆದ ಕಾಗದದ ಸುರುಳಿ. ಬಿಸಿಯಾದಂತೆಲ್ಲ ಆ ದ್ರವ ಮೆಲ್ಲಮೆಲ್ಲನೆ ಆರಿಹೋಗುತ್ತದೆ. ಡಬ್ಬಿಯ ತಲೆ ಪೂರಿಯಂತೆ ಉಬ್ಬುತ್ತದೆ. ಹತ್ತು ಸಲ ಗುಂಡಿಯೊತ್ತಿದ ಮೇಲೆ ಹೊತ್ತಿಕೊಳ್ಳುವ ಟೆಲಿವಿಷನ್ನನ್ನು ಬಿಚ್ಚಿದರೆ ಬಹುಮಟ್ಟಿಗೆ ಕಾಣುವುದು ಇದೇ. ರಾಸಾಯನಿಕ ಕ್ರಿಯೆಗಳ ವೇಗವು ಉಷ್ಣಾಂಶದೊಂದಿಗೆ ಹೇಗೆ ಏರುತ್ತದೆಂಬುದಕ್ಕೆ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಸೂತ್ರವನ್ನು ಕೊಟ್ಟನು. ಅದನ್ನು ಅನುಸರಿಸಿ ತಂತ್ರಜ್ಞರು ಒಂದು ಒರಟು ಲೆಕ್ಕ ಇಟ್ಟುಕೊಂಡಿದ್ದಾರೆ: ಉಷ್ಣಾಂಶ 10 ಡಿಗ್ರಿ ಏರಿದರೆ ಕಂಡೆನ್ಸರಿನ ಆಯುಷ್ಯ ಅರ್ಧವಾಗುತ್ತದೆ, 10 ಡಿಗ್ರಿ ಇಳಿದರೆ ಇಮ್ಮಡಿಯಾಗುತ್ತದೆ.

ಈ ಲೆಕ್ಕವನ್ನು ನಾನೇ ಒಮ್ಮೆ ಹಾಕಿ ನೋಡಿದೆ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದೆಂದು ಗುರುತಿಸಿದ ಸಾಧಾರಣ ಕಂಡೆನ್ಸರೊಂದನ್ನು ತೆಗೆದುಕೊಳ್ಳಿ. ಪೆಟ್ಟಿಗೆಯೊಳಗೆ 55 ಡಿಗ್ರಿ ಇದ್ದರೆ ಅದು 64,000 ಗಂಟೆ, ಎಂದರೆ ಎಡೆಬಿಡದೆ ನಡೆದರೂ ಏಳು ವರ್ಷಕ್ಕೂ ಮೇಲೆ ಬಾಳಬೇಕು. 65 ಡಿಗ್ರಿಯಾದರೆ ಮೂರೂವರೆ ವರ್ಷ ದಾಟಬಹುದು. 75 ಆದರೆ ಎರಡು ವರ್ಷವೂ ತುಂಬದು. ಈ 55ಕ್ಕೂ 75ಕ್ಕೂ ನಡುವಣ ಅಂತರದಲ್ಲಿ ಒಂದಿಷ್ಟು ನಮ್ಮ ಊರಿನ ಬಿಸಿಲಿನದು. ಅದಕ್ಕೆ ನಾವೇನೂ ಮಾಡಲಾರೆವು. ಇನ್ನೊಂದಿಷ್ಟು ನಾವು ಆ ಪೆಟ್ಟಿಗೆಯನ್ನು ಇಟ್ಟ ಜಾಗದ್ದು.

ಜಾಗದ ಮಾತು ಬಂದಾಗ ನಮ್ಮ ಮನೆಗಳ ಷೋಕೇಸನ್ನು ನೆನೆಯಲೇಬೇಕು. ಗಾಜಿನ ಬಾಗಿಲ ಹಿಂದೆ ಸೆಟ್‌ಟಾಪ್ ಬಾಕ್ಸು, ಅದರ ಮೇಲೆ ಹೆಣಿಗೆಯ ಬಟ್ಟೆ, ಬಟ್ಟೆಯ ಮೇಲೆ ರೂಟರು, ರೂಟರಿನ ಮೇಲೊಂದು ಪ್ಲಾಸ್ಟಿಕ್ ಹೂದಾನಿ! ಇಂಥ ಮನೆಯೊಂದಕ್ಕೆ ಹೋದಾಗ ಕಾಕಾ ಹೇಳಿದ ಮಾತಿದು: “ತಮ್ಮಾ, ಇದಕ್ಕ ಉಸಿರಾಡಾಕ ಜಾಗಾ ಎಲ್ಲಿ ಐತಿ? ಮದಿಮಗಳಿಗೆ ಸೆರಗು ಹೊಚ್ಚಿದಂಗ ಹೊಚ್ಚ್ಯಾರ ನೋಡು.” ಅವರ ಮಾತಿನಲ್ಲಿ ಪಾಠವೇ ಅಡಗಿದೆ. ನಿಂತ ಗಾಳಿ ಉಷ್ಣವನ್ನು ಬಹಳ ಕಷ್ಟದಿಂದ ಸಾಗಿಸುತ್ತದೆ; ಅಲ್ಯುಮಿನಿಯಂ ಅದಕ್ಕಿಂತ ಸಾವಿರಾರು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಆದುದರಿಂದಲೇ ಚಿಪ್ಪಿನ ಮೇಲೆ ಅಲ್ಯುಮಿನಿಯಂ ರೆಕ್ಕೆಗಳನ್ನು ಕೂರಿಸಿರುತ್ತಾರೆ. ಆದರೆ ರೆಕ್ಕೆಯಿಂದಾಚೆಗೆ ಉಷ್ಣವನ್ನು ಕೊಂಡೊಯ್ಯಬೇಕಾದುದು ಗಾಳಿಯೇ. ಅದು ಚಲಿಸಿದರೆ ಮಾತ್ರ ಕೊಂಡೊಯ್ದೀತು. ಬಿಸಿಗಾಳಿ ಹಗುರಾಗಿ ಮೇಲೇಳುತ್ತದೆ, ತಂಪುಗಾಳಿ ಕೆಳಗಿನಿಂದ ಒಳಬರುತ್ತದೆ. ಪೆಟ್ಟಿಗೆಯ ಕೆಳಗೂ ಮೇಲೂ ಇರುವ ಸೀಳುಗಳು ಇದಕ್ಕಾಗಿಯೇ, ಅವು ಅಲಂಕಾರವಲ್ಲ. ಬಟ್ಟೆ ತೆಗೆದು, ಒಂದರ ಮೇಲೊಂದು ಹೇರದೆ, ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು, ಷೋಕೇಸಿನ ಬಾಗಿಲನ್ನು ತೆರೆದಿಟ್ಟರೆ ಖರ್ಚಿಲ್ಲದೆ ಹಲವು ಡಿಗ್ರಿ ಉಳಿಯುತ್ತವೆ. ಪಶ್ಚಿಮದ ಗೋಡೆ ಸಂಜೆಯವರೆಗೂ ಕಾಯುವುದರಿಂದ ರೂಟರನ್ನು ಅದಕ್ಕೆ ಮೊಳೆ ಹೊಡೆದು ತೂಗಹಾಕುವುದು ತರವಲ್ಲ.

ಲ್ಯಾಪ್‌ಟಾಪಿನದು ಇನ್ನೂ ಸೂಕ್ಷ್ಮ. ಹಲವು ಲ್ಯಾಪ್‌ಟಾಪುಗಳು ಉಸಿರೆಳೆದುಕೊಳ್ಳುವುದು ಹೊಟ್ಟೆಯ ಕೆಳಗಿನಿಂದ. ಕಳೆದ ಬೇಸಗೆಯಲ್ಲಿ ಹೊಲಿಗೆ ಮಾಡಿ ಮಗಳನ್ನು ಓದಿಸುತ್ತಿರುವ ತಾಯಿಯೊಬ್ಬರು ಅಂಗಡಿಗೆ ಒಂದನ್ನು ತಂದರು. ಬ್ಯಾಟರಿ ಊದಿ ಕೀಲಿಮಣೆಯನ್ನೇ ಮೇಲೆತ್ತಿತ್ತು. ಗಾಳಿಯ ಫ್ಯಾನು ಧೂಳಿನಲ್ಲಿ ಹೂತಿತ್ತು. ವಿಚಾರಿಸಿದರೆ, ಹುಡುಗಿ ದಿನವೂ ಕೌದಿಯ ಮೇಲಿಟ್ಟುಕೊಂಡು, ಚಾರ್ಜರಿನ ತಂತಿಯನ್ನು ಬಿಚ್ಚದೆ ಓದುತ್ತಿದ್ದಳು. ಕೌದಿಯ ಕೆಲಸವೇ ಉಷ್ಣವನ್ನು ಹೊರಹೋಗಗೊಡದಿರುವುದು ತಾನೆ? ಆ ತಾಯಿ “ಅಣ್ಣಾರ, ಪರೀಕ್ಷಾ ಹದಿನೈದು ದಿನ ಐತ್ರಿ” ಎಂದು ನಿಂತುಬಿಟ್ಟರು. ಕಂತು ಇನ್ನೂ ಮುಗಿದಿರಲಿಲ್ಲ. ಹೊಸ ಬ್ಯಾಟರಿಯ ಬೆಲೆ ಆಕೆ ಹೊಲಿದ ಎಷ್ಟು ಕುಬಸಗಳ ಕೂಲಿಯೆಂಬುದನ್ನು ಲೆಕ್ಕದ ಪುಸ್ತಕ ಹಿಡಿದು ಕುಳಿತವನು ಊಹಿಸದಿರಲಾರ. ಕಾಕಾ ಊದಿದ ಬ್ಯಾಟರಿಯನ್ನು ತೆಗೆದು, ಚಾರ್ಜರಿನಿಂದ ನೇರವಾಗಿ ನಡೆಯುವಂತೆ ಮಾಡಿ, ಫ್ಯಾನನ್ನು ಶುಚಿಗೊಳಿಸಿ ಕೊಟ್ಟರು. ಹಲಗೆಯ ಮೇಲಿಟ್ಟೇ ಓದಬೇಕೆಂದು ಎರಡು ಸಲ ಹೇಳಿದರು. ರೊಟ್ಟಿ ತಟ್ಟುವ ಹಲಗೆಯೂ ಸಾಕು. ಎಲ್ಲ ಲ್ಯಾಪ್‌ಟಾಪುಗಳೂ ಹೀಗೆ ಬ್ಯಾಟರಿಯಿಲ್ಲದೆ ನಡೆಯುವುದಿಲ್ಲವಾದುದರಿಂದ ಮನೆಯಲ್ಲಿ ಬಿಚ್ಚುವ ಸಾಹಸ ಕೂಡದು.

ನಮ್ಮೂರಿನಲ್ಲಿ ಧೂಳಿನ ಜೊತೆಗೆ ಹತ್ತಿಯೂ ಸೇರುತ್ತದೆ. ಜಿನ್ನಿಂಗ್ ಮಿಲ್ಲುಗಳ ಸಮೀಪದ ಮನೆಗಳಿಂದ ಬಂದ ಯಂತ್ರಗಳಲ್ಲಿ ರೆಕ್ಕೆಗಳ ನಡುವೆ ಕಂಬಳಿಯ ತುಂಡಿನಂತಹ ಪದರು ಸಿಗುವುದುಂಟು. ಅಲ್ಲಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಂದು ಸತ್ತ ಹಲ್ಲಿಯೂ ಉಂಟು. ವಿದ್ಯುತ್ತನ್ನು ಪೂರ್ತಿ ತೆಗೆದು, ಒಣ ಮೃದು ಬ್ರಷ್ಷಿನಿಂದ ಸೀಳುಗಳನ್ನು ಗುಡಿಸಿದರೆ ಸಾಕು. ಒದ್ದೆ ಬಟ್ಟೆ ಬೇಡ.

ಜನ ಗಮನಿಸದ ಇನ್ನೊಂದು ಕಾರಣ ವೋಲ್ಟೇಜಿನ ಇಳಿತ. 230 ಇರಬೇಕಾದುದು ಬೇಸಗೆಯ ಸಂಜೆ 160ಕ್ಕೆ ಇಳಿಯಿತೆನ್ನೋಣ. ಇಂದಿನ ಉಪಕರಣಗಳಲ್ಲಿ ಹಲವು ಅಷ್ಟೇ ಕೆಲಸವನ್ನು ಮಾಡಲು ಪ್ರವಾಹವನ್ನು ಸುಮಾರು ಒಂದೂವರೆ ಪಟ್ಟು ಎಳೆದುಕೊಳ್ಳುತ್ತವೆ. ತಂತಿಯಲ್ಲಿ ಹುಟ್ಟುವ ಉಷ್ಣ ಪ್ರವಾಹದ ವರ್ಗಕ್ಕೆ ಅನುಪಾತವೆಂದು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಟ್ ಜೌಲ್ 1841ರಲ್ಲಿಯೇ ಪ್ರಕಟಿಸಿದ್ದನು. ಹಾಗಾಗಿ ತಂತಿ, ಪ್ಲಗ್ಗುಗಳಲ್ಲಿ ಉಷ್ಣವು ಇಮ್ಮಡಿಯಾಗುತ್ತದೆ. ಸಡಿಲವಾದ ಸಾಕೆಟ್ಟು, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೂಲರೂ ಟೆಲಿವಿಷನ್ನೂ ಸೇರಿ ನಾಲ್ಕು ಪ್ಲಗ್ಗು, ಇವಿದ್ದರೆ ಕೇಳಬೇಕೆ? ಪ್ಲಗ್ಗಿನ ಬುಡ ಕಂದಾಗಿದ್ದರೆ, ಸುಟ್ಟ ವಾಸನೆ ಬಂದರೆ ಅದನ್ನು ಅಂದೇ ಬದಲಿಸತಕ್ಕದ್ದು. ಇದು ಯಂತ್ರದ ಆಯುಷ್ಯದ ಪ್ರಶ್ನೆಯಲ್ಲ, ಮನೆಯವರ ಪ್ರಾಣದ ಪ್ರಶ್ನೆ.

ಮೊಬೈಲಿಗೆ ಫ್ಯಾನೂ ಇಲ್ಲ, ಸೀಳೂ ಇಲ್ಲ. ಮೈಯೆಲ್ಲ ಮುಚ್ಚಿಕೊಂಡ ಯಂತ್ರವದು. ಕೆಲವು ತಯಾರಕರು ಅದನ್ನು 0ಯಿಂದ 35 ಡಿಗ್ರಿಯ ಹವೆಯಲ್ಲಿ ಬಳಸಬೇಕೆನ್ನುತ್ತಾರೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಆ ಮೇರೆಯನ್ನು ದಾಟಿಯೇ ಹುಟ್ಟಿರುತ್ತದೆ. ಚಾರ್ಜಿಗೆ ಹಾಕಿ ಆಟವಾಡುವುದು, ದಿಂಬಿನ ಕೆಳಗಿಟ್ಟು ಚಾರ್ಜು ಮಾಡುವುದು, ಬಿಸಿಲಿನಲ್ಲಿ ನಿಂತ ಬೈಕಿನ ಪೆಟ್ಟಿಗೆಯಲ್ಲಿ ಬಿಡುವುದು, ಇವು ಮೂರೂ ಲಿಥಿಯಂ ಬ್ಯಾಟರಿಗೆ ವಿಷ. ನಮ್ಮ ಹಾಸ್ಟೆಲಿನ ಗೆಳೆಯರಲ್ಲಿ ದಿಂಬಿನ ಅಭ್ಯಾಸ ಹೆಚ್ಚೆಂದು ಬಲ್ಲೆ. ಬಿಸಿಯಾದ ಮೊಬೈಲನ್ನು ಫ್ರಿಜ್ಜಿನಲ್ಲಿಟ್ಟು ತಣಿಸುವ ಜಾಣರೂ ಇದ್ದಾರೆ. ತಣ್ಣೀರಿನ ತಂಬಿಗೆಯ ಮೈಮೇಲೆ ಹನಿ ಕೂಡುವುದನ್ನು ಅವರು ನೋಡಿರಬೇಕು. ತಣ್ಣಗಾದ ಮೊಬೈಲು ಹೊರಬಂದಾಗ ಅದೇ ಹನಿ ಒಳಗೂ ಕೂಡಬಹುದು. ಕವಚ ಕಳಚಿ, ಚಾರ್ಜು ತೆಗೆದು, ನೆರಳಿನಲ್ಲಿ ಫ್ಯಾನಿನ ಕೆಳಗೆ ಇಟ್ಟರೆ ಸಾಕು. ಊದಿದ ಬ್ಯಾಟರಿಯನ್ನು ಮಾತ್ರ ಒತ್ತಬಾರದು, ಚುಚ್ಚಬಾರದು, ಕಸದ ಬುಟ್ಟಿಗೂ ಎಸೆಯಬಾರದು. ಅದು ಹೊತ್ತಿಕೊಳ್ಳುವ ಸ್ವಭಾವದ್ದು. ಕಾಕಾ ಅಂಥವನ್ನು ಅಂಗಡಿಯ ಹೊರಗೆ ಮರಳಿನ ಡಬ್ಬಿಯಲ್ಲಿಟ್ಟು, ಹಳೆಯ ಬ್ಯಾಟರಿ ಸಂಗ್ರಹಿಸುವವರಿಗೆ ಒಪ್ಪಿಸುತ್ತಾರೆ.

ಇನ್ವರ್ಟರ್ ಇರುವ ಮನೆಯವರಿಗೊಂದು ಮಾತು. ಅದರ ಸೀಸದ ಬ್ಯಾಟರಿಯ ನೀರು ಬೇಸಗೆಯಲ್ಲಿ ಬೇಗ ಇಳಿಯುತ್ತದೆ. ಗಾಳಿಯಾಡುವ ಜಾಗದಲ್ಲಿಟ್ಟು, ಮಾರ್ಚಿನಿಂದ ಜೂನಿನವರೆಗೆ ತಿಂಗಳಿಗೊಮ್ಮೆ ಮಟ್ಟ ನೋಡಿ, ಕಡಿಮೆಯಾದಾಗ ಬಟ್ಟಿಯಿಳಿಸಿದ ನೀರನ್ನೇ ತುಂಬಬೇಕು. ಬೋರಿನ ನೀರಾಗಲಿ ನಲ್ಲಿಯ ನೀರಾಗಲಿ ಅದಕ್ಕೆ ಆಗದು.