ರಣಹದ್ದಿನ ಲೆಕ್ಕ

ಊರಾಚೆ ಸತ್ತ ದನವನ್ನು ಎಳೆದು ಹಾಕಿದರೆ ಸಾಕು, ಹೊತ್ತು ಕಳೆಯುವುದರೊಳಗೆ ಆಕಾಶದಿಂದ ರಣಹದ್ದುಗಳು ಇಳಿದು, ಮೂಳೆಯ ಹಂದರವನ್ನಷ್ಟೇ ಉಳಿಸಿ ಮೇಲೇಳುತ್ತಿದ್ದ ಕಾಲವೊಂದಿತ್ತು. ಜಟಾಯುವಿನ ಕಥೆಗೆ ಕಣ್ಣೀರಿಡುವ ನಾಡಿನಲ್ಲಿಯೇ ಹದ್ದನ್ನು ಕಂಡು ಅಪಶಕುನವೆಂದು ಮುಖ ತಿರುಗಿಸಿದವರು ಹಲವರು. ಕೂಲಿ ಕೇಳದ ಆ ಸೇವೆಗೆ ಬೆಲೆ ಕಟ್ಟುವ ಯೋಚನೆ ಯಾರಿಗೂ ಬರಲಿಲ್ಲ.

1990ರ ದಶಕದಲ್ಲಿ ಆ ಬಳಗ ಕಣ್ಮರೆಯಾಗತೊಡಗಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಮತ್ತು ಅವರ ಸಂಗಡಿಗರು ದೇಶದ ಹಲವು ಭಾಗಗಳಲ್ಲಿ ರಸ್ತೆಯುದ್ದಕ್ಕೂ ಸಾಗುತ್ತ ಕಂಡ ಹದ್ದುಗಳನ್ನು ಎಣಿಸಿದರು. ಕೆಲವು ವರ್ಷಗಳ ಮೇಲೆ ಅದೇ ದಾರಿಗಳಲ್ಲಿ ಮತ್ತೆ ಎಣಿಸಿದರು. 1992ರಲ್ಲಿದ್ದ ಬಿಳಿಬೆನ್ನಿನ ರಣಹದ್ದುಗಳಲ್ಲಿ 2007ರ ವೇಳೆಗೆ ಉಳಿದದ್ದು ಸಾವಿರಕ್ಕೆ ಒಂದು!

ಇಲ್ಲೊಂದು ಸೋಜಿಗವುಂಟು. ಜೀವಜಾತಿಗಳ ಹೆಸರಿನ ಪಟ್ಟಿಯೇ ಜೀವವೈವಿಧ್ಯದ ಅಳತೆಗೋಲಾದರೆ, ಈ ಹಕ್ಕಿಯ ಮಟ್ಟಿಗೆ ಭಾರತ ಏನನ್ನೂ ಕಳೆದುಕೊಂಡಿರಲಿಲ್ಲ. ಪಟ್ಟಿಯಲ್ಲಿ ಅದರ ಹೆಸರು ಹಾಗೆಯೇ ಇತ್ತು. ಆದರೆ ದನದ ಹೆಣವನ್ನು ತೀರಿಸುವುದು ಹೆಸರಲ್ಲ, ಹಿಂಡು. ಹಿಂಡು ಕರಗಿತು; ಕೆಲಸವೂ ನಿಂತಿತು.

ಕಾರಣ 2004ರಲ್ಲಿ ಬೆಳಕಿಗೆ ಬಂತು. ದನಗಳ ನೋವು ನೀಗಲು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧ, ಸತ್ತ ದನದ ಮಾಂಸದ ಮೂಲಕ ಹದ್ದಿನ ಒಡಲು ಸೇರಿ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2006ರಲ್ಲಿ ಭಾರತ ಸರ್ಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು.

ಅಷ್ಟರಲ್ಲಿ ಹೆಣಗಳು ಬಯಲಲ್ಲಿ ಕೊಳೆತವು, ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು, ಅವುಗಳೊಡನೆ ಹುಚ್ಚುನಾಯಿ ಕಡಿತದ ಭಯವೂ ಬೆಳೆಯಿತು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, ಹಿಂದೆ ಹದ್ದುಗಳಿಗೆ ಒಗ್ಗಿದ್ದ ಜಿಲ್ಲೆಗಳ ಮರಣಸಂಖ್ಯೆಯನ್ನು ಉಳಿದ ಜಿಲ್ಲೆಗಳೊಡನೆ ಹೋಲಿಸಿ 2024ರಲ್ಲಿ ಪ್ರಕಟಿಸಿದ ಅಂದಾಜು ಎದೆ ನಡುಗಿಸುವಂಥದು: 2000ದಿಂದ 2005ರವರೆಗೆ ಸುಮಾರು 5 ಲಕ್ಷ ಜನರ ಹೆಚ್ಚುವರಿ ಸಾವು. ಯಾರೂ ಕಟ್ಟದಿದ್ದ ಬೆಲೆಯನ್ನು ಸಾವೇ ಕಟ್ಟಿತು.

ಉದ್ದಕೊಕ್ಕಿನ ರಣಹದ್ದುಗಳು ಬಂಡೆಗಳ ಮೇಲೆ ಗೂಡು ಕಟ್ಟುವ ರಾಮನಗರದ ರಾಮದೇವರ ಬೆಟ್ಟವನ್ನು ಕರ್ನಾಟಕವು 2012ರಲ್ಲಿ ರಣಹದ್ದುಗಳ ಅಭಯಧಾಮವಾಗಿಸಿತು. ಆದರೆ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಪ್ರಾಯಕ್ಕೆ ಬರಲು ಸುಮಾರು ಐದು ವರ್ಷ ಬೇಕು. ಹದಿನೈದು ವರ್ಷಗಳಲ್ಲಿ ಕರಗಿದ ಬಳಗ ಅಷ್ಟೇ ವರ್ಷಗಳಲ್ಲಿ ಕೂಡಿ ಬರಲಾರದು. ಆದ್ದರಿಂದ ಕಾಡು ಬಯಲುಗಳ ಸಿರಿಯನ್ನು ಅಳೆಯ ಹೊರಟವರು ‘ಯಾವ ಯಾವ ಜೀವಿಗಳಿವೆ?’ ಎಂದು ಕೇಳಿ ಸುಮ್ಮನಾಗುವಂತಿಲ್ಲ, ‘ಎಷ್ಟಿವೆ?’ ಎಂದೂ ಕೇಳಬೇಕು—ಅದೂ ಹಿಂಡು ಇನ್ನೂ ಹಿಂಡಾಗಿರುವಾಗಲೇ.