ಕಾಗದದ ವಯಸ್ಸು: ಕೊಲ್ಲಿ ರಾಷ್ಟ್ರಗಳ ಮನೆಗಳಲ್ಲಿ ದುಡಿಯುವ ವಲಸಿಗ ಯುವತಿಯರು

ವಲಸೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚಿಂತನೆಯ ಕೇಂದ್ರದಲ್ಲಿರುವವನು ಬಹುಮಟ್ಟಿಗೆ ಪುರುಷ. ಕರಾವಳಿಯಿಂದ ಮುಂಬಯಿಗೆ ಹೋಗಿ, ಹೊಟೇಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದ ಹುಡುಗನ ಚಿತ್ರ ಹೊರನಾಡ ಕನ್ನಡಿಗರಿಗೆಲ್ಲ ಪರಿಚಿತವಾದುದು. ಅವನ ಕಷ್ಟ ಸಣ್ಣದೇನೂ ಆಗಿರಲಿಲ್ಲ. ಆದರೆ ಅವನ ದುಡಿಮೆಯ ಸ್ಥಳ ಬೀದಿಗೆ ತೆರೆದುಕೊಂಡಿತ್ತು. ಅಕ್ಕಪಕ್ಕದಲ್ಲಿ ಊರಿನವರಿದ್ದರು, ಸಂಘವಿತ್ತು, ಆಡಲು ತನ್ನದೇ ನುಡಿಯಿತ್ತು. ದೇಶದ ಗಡಿ ದಾಟಿ ಇನ್ನೊಬ್ಬರ ಮನೆಯೊಳಗೆ ದುಡಿಯಲು ಹೋಗುವ ಹೆಣ್ಣುಮಗಳಿಗೆ ಇವುಗಳಲ್ಲಿ ಒಂದೂ ಇರುವುದಿಲ್ಲ. ಜಗತ್ತಿನಲ್ಲಿ ಸುಮಾರು 1 ಕೋಟಿ 15 ಲಕ್ಷ ಜನರು ಪರದೇಶದ ಮನೆಗಳಲ್ಲಿ ಕೆಲಸಕ್ಕಿದ್ದಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಹಿಳೆಯರು.

ಈ ದೊಡ್ಡ ಸಂಖ್ಯೆಗಿಂತ ಒಬ್ಬಳ ಕಥೆ ಹೆಚ್ಚು ತಿಳಿಸುತ್ತದೆ. ಶ್ರೀಲಂಕೆಯ ಪೂರ್ವ ಕರಾವಳಿಯಲ್ಲಿ ತ್ರಿಕೋಣಮಲೆ ಜಿಲ್ಲೆಗೆ ಸೇರಿದ ಮೂತೂರು ಎಂಬ ಊರಿದೆ. ತಮಿಳು ಮಾತನಾಡುವ ಮುಸ್ಲಿಮರು ಬಹುಸಂಖ್ಯೆಯಲ್ಲಿರುವ ಈ ಊರು ಅಂತರ್ಯುದ್ಧದ ಬಿಸಿಯನ್ನೂ 2004ರ ಡಿಸೆಂಬರಿನ ಸುನಾಮಿಯ ಹೊಡೆತವನ್ನೂ ಉಂಡದ್ದು. ಇಲ್ಲಿನ ಬಡ ಕುಟುಂಬವೊಂದರ ಮಗಳು ರಿಜಾನಾ ನಫೀಕ್ 2005ರ ಮೇ ತಿಂಗಳಲ್ಲಿ ಮನೆಗೆಲಸಕ್ಕೆಂದು ಸೌದಿ ಅರೇಬಿಯಾಕ್ಕೆ ಹೋದಳು. ಜನನ ಪ್ರಮಾಣಪತ್ರದಂತೆ ಅವಳು ಹುಟ್ಟಿದ್ದು 1988ರ ಫೆಬ್ರವರಿಯಲ್ಲಿ, ಪಾಸ್‌ಪೋರ್ಟಿನಂತೆ 1982ರಲ್ಲಿ. ಹದಿನೇಳರ ಹುಡುಗಿ ಕಾಗದದ ಮೇಲೆ ಇಪ್ಪತ್ತಮೂರರ ಹೆಂಗಸಾಗಿದ್ದಳು.

ಕೆಲಸಕ್ಕೆ ಸೇರಿದ ಕೆಲವೇ ವಾರಗಳಲ್ಲಿ ಅವಳ ಕೈಯಲ್ಲಿದ್ದ ನಾಲ್ಕು ತಿಂಗಳ ಕೂಸು ತೀರಿಕೊಂಡಿತು. ಬಾಟಲಿಯಿಂದ ಹಾಲು ಕುಡಿಸುವಾಗ ಕೂಸಿಗೆ ಉಸಿರು ಕಟ್ಟಿತೆಂಬುದು ಅವಳ ಹೇಳಿಕೆ; ಕತ್ತು ಹಿಸುಕಿದಳೆಂಬುದು ಮನೆಯವರ ಆರೋಪ. ಕೂಸಿನ ಪಾಲನೆಯಲ್ಲಿ ಅವಳಿಗೆ ಯಾವ ತರಬೇತಿಯೂ ಇರಲಿಲ್ಲ. ವಿಚಾರಣೆಯ ವೇಳೆ ವಕೀಲರ ನೆರವು ದೊರೆಯಲಿಲ್ಲ. ಮೊದಲು ಕೊಟ್ಟಳೆನ್ನಲಾದ ತಪ್ಪೊಪ್ಪಿಗೆಯನ್ನು ಅವಳು ಅನಂತರ ಹಿಂತೆಗೆದುಕೊಂಡಳು. ಅದನ್ನು ಬಲವಂತದಿಂದ ಪಡೆಯಲಾಗಿತ್ತೆಂದಳು. 2007ರ ಜೂನ್‌ನಲ್ಲಿ ದವಾದ್ಮಿಯ ನ್ಯಾಯಾಲಯ ಮರಣದಂಡನೆ ವಿಧಿಸಿತು. ಹದಿನೆಂಟು ತುಂಬದವರು ಮಾಡಿದ ಅಪರಾಧಕ್ಕೆ ಮರಣದಂಡನೆ ಕೂಡದೆಂದು ಹೇಳುವ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೌದಿ ಅರೇಬಿಯಾವೂ ಸೇರಿದೆ. ಆದರೆ ನಡೆದದ್ದು ಪಾಸ್‌ಪೋರ್ಟಿನ ವಯಸ್ಸು. 2013ರ ಜನವರಿ 9ರಂದು ಶಿಕ್ಷೆ ಜಾರಿಯಾಯಿತು.

ಈ ಪ್ರಕರಣದಲ್ಲಿ ಕನ್ನಡ ನಾಡಿನ ಓದುಗರು ತಡೆದು ನಿಲ್ಲಬೇಕಾದ ಒಂದು ಸಂಗತಿಯಿದೆ. ಹುಡುಗಿಯ ಮಾತು ತಮಿಳು, ಕಚೇರಿಯ ಭಾಷೆ ಅರಬ್ಬಿ. ಇವೆರಡರ ನಡುವೆ ನಿಂತವನು ಅಧಿಕೃತ ಭಾಷಾಂತರಕಾರನಾಗಿರಲಿಲ್ಲ. ಅವನು ಕರ್ನಾಟಕದಿಂದ ಹೋದವನು, ತಮಿಳಿನಲ್ಲಿ ಅವನಿಗೆ ಸಾಕಷ್ಟು ಪರಿಣತಿ ಇರಲಿಲ್ಲ ಎಂಬುದು ಅವಳ ಪರವಾಗಿ ಹೋರಾಡಿದ ಏಷ್ಯನ್ ಮಾನವ ಹಕ್ಕುಗಳ ಆಯೋಗ ಎತ್ತಿದ ಆಕ್ಷೇಪಗಳಲ್ಲಿ ಒಂದು. ಒಬ್ಬ ವಲಸಿಗನ ಅರೆಬರೆ ಭಾಷೆಯ ಮೇಲೆ ಇನ್ನೊಬ್ಬ ವಲಸಿಗಳ ಪ್ರಾಣ ನಿಂತಿತ್ತು. ಹೊರನಾಡಿನಲ್ಲಿ ಭಾಷೆಯ ಪ್ರಶ್ನೆಯೆಂದರೆ ಶಾಲೆ, ಪತ್ರಿಕೆ, ಉತ್ಸವಗಳ ಪ್ರಶ್ನೆಯೆಂದು ಭಾವಿಸುವ ರೂಢಿ ಇದೆ. ಪೊಲೀಸ್ ಠಾಣೆಯಲ್ಲಿ ತನ್ನ ಮಾತನ್ನು ತನ್ನ ಮಾತಾಗಿಯೇ ದಾಖಲಿಸುವವರು ಇದ್ದಾರೆಯೇ ಎಂಬುದೂ ಭಾಷೆಯ ಪ್ರಶ್ನೆಯೇ.

ಇಂಥ ಅಸಹಾಯಕತೆಗೆ ಕಾರಣ ಒಂದು ಮನೆಯ ಕ್ರೌರ್ಯವಷ್ಟೇ ಅಲ್ಲ, ಒಂದು ವ್ಯವಸ್ಥೆ. ಕೊಲ್ಲಿ ರಾಷ್ಟ್ರಗಳಲ್ಲಿ ಬೆಳೆದುಬಂದ ‘ಕಫಾಲಾ’ ಪದ್ಧತಿಯಲ್ಲಿ ಪರದೇಶಿಯ ವಾಸದ ಪರವಾನಗಿ ‘ಕಫೀಲ’ನೆಂಬ ಜಾಮೀನುದಾರನ ಹೆಸರಿಗೆ ಅಂಟಿಕೊಂಡಿರುತ್ತದೆ. ಮನೆಗೆಲಸದವಳ ಪಾಲಿಗೆ ಯಜಮಾನನೂ ಜಾಮೀನುದಾರನೂ ವಸತಿ ಕೊಟ್ಟವನೂ ಒಬ್ಬನೇ. ಹೊಡೆತ ತಾಳದೆ ಅವಳು ಬಾಗಿಲು ದಾಟಿದರೆ ‘ಪರಾರಿ’ ಎಂದು ಅವನು ದೂರು ಕೊಡಬಲ್ಲ. ಆ ಕ್ಷಣದಿಂದ ಅವಳು ಕಾನೂನುಬಾಹಿರ ನಿವಾಸಿ. ಪಾಸ್‌ಪೋರ್ಟನ್ನು ಯಜಮಾನ ಕಿತ್ತಿಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೇ ವಿರುದ್ಧವಾದರೂ ವ್ಯಾಪಕವಾಗಿ ಬಳಕೆಯಲ್ಲಿದೆ. ಅರಬ್ಬಿಯಲ್ಲಿ ಸೇವಕಿಗಿರುವ ಪದವೇ ಅಲ್ಲಿನ ಮಲಯಾಳಿಗಳ ಬಾಯಲ್ಲಿ ‘ಗದ್ದಾಮ’ ಆಗಿದೆ; 2011ರಲ್ಲಿ ಅದೇ ಹೆಸರಿನ ಮಲಯಾಳಂ ಚಲನಚಿತ್ರವೂ ಬಂದಿತು. ಕನ್ನಡಕ್ಕೆ ಆ ಪದ ಬಂದಿಲ್ಲ. ಅನುಭವ ಬಂದಿಲ್ಲವೆಂದು ಇದರಿಂದ ತಿಳಿಯಬೇಕಾಗಿಲ್ಲ.

ಸೌದಿ ಅರೇಬಿಯಾದ 2005ರ ಕಾರ್ಮಿಕ ಕಾನೂನು ಮನೆಗೆಲಸದವರನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಮನೆ ಕಾರ್ಖಾನೆಯಲ್ಲ, ಅವಳು ಮನೆಮಗಳಿದ್ದಂತೆ ಎಂಬುದು ಎಲ್ಲೆಡೆ ಕೇಳಿಬರುವ ಸಮರ್ಥನೆ. ಈ ಮಾತು ಭಾರತದ ಮನೆಗಳಲ್ಲಿಯೂ ಅಪರಿಚಿತವಲ್ಲ. ಮನೆಗೆಲಸದವರಿಗೆ ಯೋಗ್ಯ ದುಡಿಮೆಯ ಹಕ್ಕು ನೀಡುವ 2011ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವೂ ಅನುಮೋದನೆ ನೀಡಿಲ್ಲ. ರಿಜಾನಾ ಪ್ರಾಣ ಕಳೆದುಕೊಂಡ 2013ರಲ್ಲಿಯೇ ಸೌದಿ ಸರ್ಕಾರ ದಿನಕ್ಕೆ ಒಂಬತ್ತು ಗಂಟೆಗಳ ವಿಶ್ರಾಂತಿ, ವಾರಕ್ಕೊಂದು ರಜೆ ಎಂಬ ಪ್ರತ್ಯೇಕ ನಿಯಮಗಳನ್ನು ತಂದಿತು. ಕುವೈತಿನ 2015ರ ಕಾನೂನು ದುಡಿಮೆಯನ್ನು ದಿನಕ್ಕೆ ಹನ್ನೆರಡು ಗಂಟೆಗೆ ಮಿತಿಗೊಳಿಸಿತು. ನಿಯಮ ಬಂದರೂ ಮನೆಯ ಬಾಗಿಲು ತಟ್ಟಿ ಗಂಟೆ ಎಣಿಸುವವರು ಯಾರೆಂಬ ತೊಡಕು ಉಳಿದೇ ಇದೆ.

ಕಳುಹಿಸುವ ದೇಶಗಳು ಇದಕ್ಕೆ ಕಂಡುಕೊಂಡ ಸುಲಭದ ಉಪಾಯವೆಂದರೆ ವಯಸ್ಸಿನ ಬೇಲಿ. ಹೊರಗಿನ ಯಜಮಾನನನ್ನು ಕಟ್ಟಲಾಗದ ಸರ್ಕಾರ ತನ್ನ ಹೆಣ್ಣುಮಕ್ಕಳನ್ನು ಕಟ್ಟಿತು. ಫಿಲಿಪ್ಪೀನ್ಸ್ 2006ರಲ್ಲಿ ಕನಿಷ್ಠ ವಯಸ್ಸನ್ನು 25ಕ್ಕೆ ಏರಿಸಿದರೂ ಜೊತೆಗೆ ತಿಂಗಳಿಗೆ 400 ಡಾಲರ್ ಕನಿಷ್ಠ ಸಂಬಳವನ್ನೂ ಕೇಳಿತು. ಅಷ್ಟರಮಟ್ಟಿಗೆ ಅದರ ಕ್ರಮ ಮೇಲು. ನೇಪಾಳ 1998ರಲ್ಲಿ ಕೊಲ್ಲಿಗೆ ಮಹಿಳೆಯರ ವಲಸೆಯನ್ನು ನಿಷೇಧಿಸಿತು, ಮುಂದೆ ಸಡಿಲಿಸಿ, 2012ರಲ್ಲಿ ಮೂವತ್ತು ವರ್ಷದೊಳಗಿನವರು ಮನೆಗೆಲಸಕ್ಕೆ ಹೋಗಕೂಡದೆಂದಿತು. ಆದರೆ ನೇಪಾಳಕ್ಕೂ ಭಾರತಕ್ಕೂ ನಡುವಿನ ಗಡಿ ತೆರೆದದ್ದು. ಕಾಠ್ಮಂಡುವಿನಲ್ಲಿ ತಡೆದವಳು ರೈಲು ಹತ್ತಿ ದೆಹಲಿಗೋ ಮುಂಬಯಿಗೋ ಬಂದು ಅಲ್ಲಿಂದ ವಿಮಾನವೇರಿದಳು. ಹೊರಡುವ ದಾಖಲೆ ಸ್ವದೇಶದಲ್ಲಿ ಉಳಿಯಲಿಲ್ಲ. ಮುಂದೆ ಕಷ್ಟ ಬಂದಾಗ ರಾಯಭಾರ ಕಚೇರಿಯ ಪಟ್ಟಿಯಲ್ಲಿ ಅವಳ ಹೆಸರೂ ಇರಲಿಲ್ಲ. ಹೊರನಾಡ ಕನ್ನಡಿಗರು ನೆಲೆಸಿರುವ ನಗರಗಳೇ ಈ ಗುಪ್ತ ದಾರಿಯ ತಂಗುದಾಣಗಳಾಗಿದ್ದವೆಂಬುದು ಅವರ ಗಮನಕ್ಕೆ ಬಂದಿರುವುದು ಅಪರೂಪ.

ಭಾರತದ ನಿಯಮವೂ ಇದೇ ಜಾಡಿನದು. ಹತ್ತನೆಯ ತರಗತಿ ದಾಟದ ಮಹಿಳೆ ಕೊಲ್ಲಿಯೂ ಸೇರಿದಂತೆ ಗೊತ್ತುಪಡಿಸಿದ ಹದಿನೆಂಟು ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಅನುಮತಿ ಬೇಕು, ವಯಸ್ಸು ಮೂವತ್ತು ತುಂಬಿರಬೇಕು ಎಂದು ಸರ್ಕಾರ ವಿಧಿಸಿತು. 2016ರಿಂದ ಇಂಥವರ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಬಿಡಲಾಯಿತು. ದಲ್ಲಾಳಿಯ ಉತ್ತರ ಸಿದ್ಧವಾಗಿಯೇ ಇತ್ತು: ಸಂದರ್ಶಕರ ವೀಸಾ. ನೆಂಟರನ್ನು ಕಾಣಲು ಹೋಗುವವಳಂತೆ ಹೊರಟವಳಿಗೆ ಅಲ್ಲಿ ಇಳಿದ ಮೇಲೆ ಕರಾರುಪತ್ರವೂ ಇಲ್ಲ, ಸಂಬಳದ ಲೆಕ್ಕವೂ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಗಂತೂ ಈ ಅನುಮತಿಯ ಬಾಗಿಲೇ ಅನ್ವಯಿಸದು. ಹತ್ತನೆಯ ತರಗತಿ ಕಲಿತವಳು ತನ್ನನ್ನು ತಾನು ನೋಡಿಕೊಳ್ಳಬಲ್ಲಳೆಂಬ ಊಹೆ ಇದರ ಹಿಂದಿರುವಂತಿದೆ. ಬಾಗಿಲು ಮುಚ್ಚಿದ ಮನೆಯಲ್ಲಿ ಆ ಕಲಿಕೆ ಎಷ್ಟರಮಟ್ಟಿಗೆ ಒದಗೀತು!

ಶ್ರೀಲಂಕೆ ರಿಜಾನಾಳ ಸಾವಿನ ನಂತರ ತನ್ನ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ಸೌದಿಗೆ ಹೋಗುವ ಮನೆಗೆಲಸದವರ ಕನಿಷ್ಠ ವಯಸ್ಸನ್ನು 25ಕ್ಕೆ ಏರಿಸಿತು. ಅದೇ ವರ್ಷ, ಐದು ವರ್ಷದೊಳಗಿನ ಮಕ್ಕಳಿರುವ ತಾಯಂದಿರು ಹೋಗದಂತೆ ಕುಟುಂಬದ ವರದಿಯನ್ನೂ ಕಡ್ಡಾಯಗೊಳಿಸಿತು. ಒಂಬತ್ತು ವರ್ಷಗಳ ಬಳಿಕ ದೇಶದ ಬೊಕ್ಕಸದಲ್ಲಿ ವಿದೇಶಿ ವಿನಿಮಯ ಬರಿದಾಯಿತು. ಇಂಧನಕ್ಕೆ, ಔಷಧಿಗೆ ಡಾಲರ್ ಇಲ್ಲವಾಯಿತು. 2022ರ ಜೂನ್‌ನಲ್ಲಿ ಮಂತ್ರಿಮಂಡಲ ಸೌದಿ ಅರೇಬಿಯಾವೂ ಸೇರಿದಂತೆ ಎಲ್ಲ ದೇಶಗಳಿಗೂ ಆ ವಯಸ್ಸನ್ನು 21ಕ್ಕೆ ಇಳಿಸಿತು.